ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ: ಬಿಸಿನೀರಿನ ಚಿಲುಮೆಗಳ ದರ್ಶನದ ಇತಿಹಾಸ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ವಯೋಮಿಂಗ್, ಮೊಂಟಾನಾ, ಐಡಾಹೊ ಎಂಬ ಮೂರು ಪ್ರಾಂತಗಳು ಸಂಧಿಸುವೆಡೆಯಲ್ಲಿ, ರಾಕಿ ಪರ್ವತಶ್ರೇಣಿಯ ನಡುವಣ ಉನ್ನತ ಪ್ರಸ್ಥಭೂಮಿಯ ಮೇಲೆ ಸುಮಾರು 8,980 ಚದರ ಕಿಲೋಮೀಟರುಗಳಷ್ಟು ಹರಡಿಕೊಂಡಿರುವ ಯೆಲ್ಲೋಸ್ಟೋನ್ ವನಪ್ರದೇಶವು 1872ನೆಯ ಇಸವಿಯ ಮಾರ್ಚ್ 1ರಂದು, ಅಧ್ಯಕ್ಷ ಯುಲಿಸಿಸ್ ಗ್ರಾಂಟರ ಅಂಕಿತವನ್ನು ಪಡೆದು, ಜಗತ್ತಿನ ಮೊತ್ತಮೊದಲ ರಾಷ್ಟ್ರೀಯ ಉದ್ಯಾನವೆನಿಸಿತು. ಬಿಸಿನೀರಿನ ಕುಂಡ, ಕೊತಕೊತನೆ ಕುದಿಯುವ ಕೆಸರುಹೊಂಡ, ಹಬೆಗಂಡಿ, ಚಿಲುಮೆ ಎಲ್ಲವನ್ನೂ ಸೇರಿಸಿ ಎಣಿಸಿದರೆ ಇಲ್ಲಿರುವ ಉಷ್ಣಸ್ಥಾನಗಳು 10,000ಕ್ಕೂ ಮಿಗಿಲು; ಭೂಮಂಡಲದಲ್ಲಿ ಇಂದು ಚಿಮ್ಮುತ್ತಿರುವ ಚಿಲುಮೆಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಈ ಒಂದೇ ಎಡೆಯಲ್ಲಿವೆ.

ಉದ್ಯಾನದ ದೊಡ್ಡದೊಂದು ಭಾಗವು, ಸುಮಾರು 6,40,000 ವರ್ಷಗಳ ಹಿಂದೆ ಭೀಕರವಾಗಿ ಸ್ಫೋಟಗೊಂಡು ತನ್ನೊಳಕ್ಕೆ ತಾನೇ ಕುಸಿದ ಮಹಾಜ್ವಾಲಾಮುಖಿಯೊಂದರ ಬಾಯಿಯಲ್ಲಿದೆ. ಮಳೆಹಿಮಗಳ ನೀರು ಬಂಡೆಯ ಬಿರುಕುಗಳಲ್ಲಿ ಇಳಿದು, ಆಳದ ಶಿಲಾಪಾಕದ ತಾಪದಿಂದ ಕುದಿಬಿಂದುವನ್ನು ಮೀರಿ ಬಿಸಿಯಾದರೂ, ಮೇಲಿರುವ ಜಲಸ್ತಂಭದ ಭಾರಕ್ಕೆ ಸಿಕ್ಕಿ ಹಬೆಯಾಗಲಾರದೆ ಒತ್ತಡದಲ್ಲಿ ನಿಲ್ಲುತ್ತದೆ. ಇಕ್ಕಟ್ಟಾದ ನಾಳದ ತುದಿಯಿಂದ ಕೊಂಚ ನೀರು ಹೊರಚೆಲ್ಲಿತೆಂದರೆ ಭಾರವು ತಗ್ಗಿ, ಕೆಳಗಿನ ನೀರು ಒಮ್ಮೆಗೇ ಹಬೆಯಾಗಿ ಉಬ್ಬಿ, ಮೇಲಿನದನ್ನೆಲ್ಲ ಆಕಾಶಕ್ಕೆ ಎಸೆಯುತ್ತದೆ. ನಾಳವು ವಿಶಾಲವಾಗಿದ್ದೆಡೆ ನೀರು ಸರಾಗವಾಗಿ ಸುಳಿದಾಡಿ, ತಾಪವನ್ನು ಬಿಟ್ಟುಕೊಟ್ಟು, ಶಾಂತವಾದ ಕುಂಡವಾಗಿಯೇ ಉಳಿಯುವುದು. ಈ ತತ್ತ್ವಕ್ಕೆ ತಳಹದಿಯನ್ನು ಹಾಕಿದವನು 1846ರಲ್ಲಿ ಐಸ್‌ಲೆಂಡಿನ ಚಿಲುಮೆಗಳನ್ನು ಅಳೆದು ನೋಡಿದ ಜರ್ಮನ್ ರಸಾಯನಜ್ಞ ರಾಬರ್ಟ್ ಬುನ್ಸೆನ್; ಉದ್ಯಾನದ ಶಿಖರವೊಂದಕ್ಕೆ ಆತನ ಹೆಸರನ್ನೇ ಇಟ್ಟಿದ್ದಾರೆ.

ಈ ಪ್ರದೇಶವನ್ನು ಬಿಳಿಯರು ಕಂಡುಹಿಡಿದರೆಂದು ಬರೆಯುವ ವಾಡಿಕೆ ಬಹುಕಾಲ ನಡೆದುಬಂದಿತು. ಆದರೆ ಸುಮಾರು 11,000 ವರ್ಷಗಳಿಂದ ಜನರು ಇಲ್ಲಿ ಓಡಾಡಿದ್ದಾರೆ. ಇಲ್ಲಿಯ ಗಾಜುಗಲ್ಲಿನ ಪ್ರಪಾತದಿಂದ ಒಡೆದು ತೆಗೆದ ಕಪ್ಪು ಶಿಲೆಯು ದೂರದ ಓಹಾಯೊ ನದಿಯ ಬಯಲಿನ ಪ್ರಾಚೀನ ಸಮಾಧಿದಿಬ್ಬಗಳಲ್ಲಿ ದೊರೆತಿದೆ; ಪರ್ವತದ ಕುರಿಗಳನ್ನು ಬೇಟೆಯಾಡುತ್ತಿದ್ದ ಶೊಶೊನಿ ಜನರ ಒಂದು ಪಂಗಡವು ಇಲ್ಲಿಯೇ ವಾಸವಾಗಿತ್ತು. ಮೂಲನಿವಾಸಿಗಳು ಚಿಲುಮೆಗಳಿಗೆ ಅಂಜಿ ದೂರವಿದ್ದರೆಂಬ ಮಾತನ್ನು ಉದ್ಯಾನದ ಎರಡನೆಯ ಅಧೀಕ್ಷಕನಾದ ಫಿಲೆಟಸ್ ನಾರಿಸ್ ಮೊದಲಾದವರು ಹಬ್ಬಿಸಿದರು. ಅಂಜಿದ್ದವರು ಬರಬೇಕಾದ ಪ್ರವಾಸಿಗಳೇ ಹೊರತು ಮೂಲನಿವಾಸಿಗಳಲ್ಲವಾದುದರಿಂದ, ಈ ಮಾತು ಯಾರ ಧೈರ್ಯಕ್ಕಾಗಿ ಹುಟ್ಟಿತೆಂಬುದನ್ನು ಊಹಿಸುವುದು ಕಷ್ಟವಲ್ಲ.

1807-08ರ ಚಳಿಗಾಲದಲ್ಲಿ ಈ ಸೀಮೆಯನ್ನು ಒಬ್ಬಂಟಿಯಾಗಿ ಹಾದುಹೋದನೆನ್ನಲಾದ ತುಪ್ಪುಳದ ವ್ಯಾಪಾರಿ ಜಾನ್ ಕೋಲ್ಟರ್ ಹೇಳಿದುದನ್ನೂ, ಮುಂದೆ ಬೇಟೆಗಾರ ಜಿಮ್ ಬ್ರಿಡ್ಜರ್ ಉಪ್ಪುಖಾರ ಹಚ್ಚಿ ವರ್ಣಿಸಿದುದನ್ನೂ ಕೇಳಿದವರು ನಂಬಲಿಲ್ಲ. 1870ರಲ್ಲಿ ಹೆನ್ರಿ ವಾಶ್‌ಬರ್ನ್ ಮುಂದಾಳಾಗಿ ಹೊರಟ ತಂಡವು, ನಿಯಮ ತಪ್ಪದೆ ಚಿಮ್ಮುತ್ತಿದ್ದ ಚಿಲುಮೆಯೊಂದನ್ನು ಕಂಡು, ಅದನ್ನು ‘ಓಲ್ಡ್ ಫೇತ್‌ಫುಲ್’ ಎಂದು ಕರೆಯಿತು. ಆ ತಂಡದಿಂದ ತಪ್ಪಿಸಿಕೊಂಡ ಟ್ರೂಮನ್ ಎವರ್ಟ್ಸ್ ಎಂಬಾತನು ಕಾಡಿನಲ್ಲಿ 37 ದಿನ ಅಲೆದು, ಬಿಸಿನೀರಿನ ಬುಗ್ಗೆಗಳ ಮಗ್ಗುಲಿನ ಬೆಚ್ಚನೆಯ ನೆಲದಲ್ಲಿ ಮಲಗಿ, ಮೈ ಸುಟ್ಟುಕೊಂಡರೂ ಜೀವವನ್ನು ಉಳಿಸಿಕೊಂಡನು. ಮರುವರ್ಷ ಭೂವಿಜ್ಞಾನಿ ಫರ್ಡಿನೆಂಡ್ ಹೇಡನ್ ಸರ್ಕಾರಿ ಸರ್ವೇಕ್ಷಣದೊಡನೆ ಬಂದಾಗ ಚಿತ್ರಕಾರ ಥಾಮಸ್ ಮೋರಾನ್, ಛಾಯಾಗ್ರಾಹಕ ವಿಲಿಯಂ ಹೆನ್ರಿ ಜಾಕ್ಸನ್ ಇಬ್ಬರೂ ಜೊತೆಗಿದ್ದರು. ಮಾತಿನಿಂದ ಆಗದ ಕಾರ್ಯವನ್ನು ಅವರ ಪಟಗಳು ಸಾಧಿಸಿದವು. ಯೆಲ್ಲೋಸ್ಟೋನ್ ಕಂದರವನ್ನು ಕುರಿತ ಮೋರಾನನ ಮಹಾಚಿತ್ರವನ್ನು ಕಾಂಗ್ರೆಸ್ಸು 10,000 ಡಾಲರುಗಳಿಗೆ ಕೊಂಡುಕೊಂಡಿತು. ವಾಶ್‌ಬರ್ನ್ ತಂಡದವರು ಒಂದು ರಾತ್ರಿ ಶಿಬಿರದ ಬೆಂಕಿಯ ಸುತ್ತ ಕುಳಿತು, ಸ್ವಾರ್ಥವನ್ನು ತೊರೆದು, ಉದ್ಯಾನದ ಸಂಕಲ್ಪ ಮಾಡಿದರೆಂಬ ಸುಂದರ ಕಥೆಯನ್ನು ಈಚಿನ ಇತಿಹಾಸಕಾರರು ಸಂದೇಹದಿಂದ ಕಾಣುತ್ತಾರೆ. ನಾರ್ದರ್ನ್ ಪೆಸಿಫಿಕ್ ರೈಲುಮಾರ್ಗದವರಿಗೆ ಪ್ರಯಾಣಿಕರು ಬೇಕಾಗಿದ್ದುದು ಮಾತ್ರ ಸಂದೇಹಕ್ಕೆ ಎಡೆಯಿಲ್ಲದ ಸಂಗತಿ.

ಶಾಸನವೇನೋ ಆಯಿತು, ಹಣ ಬರಲಿಲ್ಲ. ಮೊದಲ ಅಧೀಕ್ಷಕ ನಥಾನಿಯಲ್ ಲ್ಯಾಂಗ್‌ಫರ್ಡ್ ಸಂಬಳವಿಲ್ಲದೆ ಐದು ವರ್ಷ ಹೆಸರಿಗೆ ಮಾತ್ರ ಅಧಿಕಾರದಲ್ಲಿದ್ದನು. 1877ರಲ್ಲಿ, ಸೈನ್ಯವು ಬೆನ್ನಟ್ಟುತ್ತಿದ್ದ ನೆಜ್ ಪರ್ಸ್ ಜನರು ತಮ್ಮ ನಾಡನ್ನು ಕಳೆದುಕೊಂಡು ಉದ್ಯಾನದ ಮೂಲಕ ಓಡಿಹೋಗುವಾಗ ಕೆಲವು ಪ್ರವಾಸಿಗಳನ್ನು ಸೆರೆಹಿಡಿದರು. ಇಬ್ಬರು ಪ್ರವಾಸಿಗಳು ಹತರಾದರು. ಆದರೆ ಚಿಲುಮೆಗಳ ಪಾಲಿಗೆ ನಿಜವಾದ ವೈರಿಗಳು ನೋಡಲು ಬಂದ ಸಂಭಾವಿತರೇ. ಶತಮಾನಗಟ್ಟಲೆ ಕಾಲದಲ್ಲಿ ಸಿಲಿಕಾ ಪದರಪದರವಾಗಿ ಕೂಡಿ ಬೆಳೆದ ಅಂಚುಗಳನ್ನು ಅವರು ಕೊಡಲಿ, ಸನಿಕೆಗಳಿಂದ ಒಡೆದು ಗಂಟುಕಟ್ಟಿ ಒಯ್ಯುತ್ತಿದ್ದುದನ್ನು 1875ರಲ್ಲಿ ಕ್ಯಾಪ್ಟನ್ ವಿಲಿಯಂ ಲಡ್ಲೋ ಕಣ್ಣಾರೆ ಕಂಡು ವರದಿ ಮಾಡಿದನು. 1882ರಲ್ಲಿ ಜನರಲ್ ಶೆರಿಡನನ ಸೈನಿಕರು ಓಲ್ಡ್ ಫೇತ್‌ಫುಲ್ಲಿನ ಬಾಯಿಗೆ ಮಾಸಿದ ಬಟ್ಟೆಗಳನ್ನು ತುರುಕಿದರು. ಹತ್ತಿ ನಾರುಗಳವು ಶುಭ್ರವಾಗಿ ಹೊರಬಂದವು, ಉಣ್ಣೆಯವು ಚಿಂದಿಯಾದವು. ಅಗಸನೊಬ್ಬನು ಬುಗ್ಗೆಯಲ್ಲಿ ಸಾಬೂನು ಹಾಕಿದಾಗ ಅದು ಅಕಸ್ಮಾತ್ತಾಗಿ ಚಿಮ್ಮಿತೆಂಬ ಸುದ್ದಿ ಹರಡಿದ ಮೇಲಂತೂ, ಕಾಯುವ ಸಹನೆಯಿಲ್ಲದವರು ಸಾಬೂನನ್ನು ಸುರಿಯತೊಡಗಿ, ಕಡೆಗೆ ನಿಷೇಧಾಜ್ಞೆಯನ್ನು ಹೊರಡಿಸಬೇಕಾಯಿತು. ‘ಕರವಸ್ತ್ರದ ಕುಂಡ’ವೆಂಬುದೊಂದಿತ್ತು: ಹಾಕಿದ ಕರವಸ್ತ್ರವನ್ನು ಸುಳಿಯು ಒಳಕ್ಕೆಳೆದು, ಸ್ವಲ್ಪ ಹೊತ್ತಿನಲ್ಲಿ ಒಗೆದು ಕೊಟ್ಟಂತೆ ಮರಳಿಸುತ್ತಿತ್ತು. 1920ರ ದಶಕದ ಕೊನೆಗೆ ಯಾರೋ ಮರದ ತುಂಡುಗಳನ್ನು ಗಿಡಿದು ಅದನ್ನು ಕಟ್ಟಿಹಾಕಿದರು.

1886ರಲ್ಲಿ ಸೇನೆಯು ಉದ್ಯಾನದ ರಕ್ಷಣೆಯನ್ನು ವಹಿಸಿಕೊಂಡು, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕಾವಲಿತ್ತು. ಸೈನಿಕರ ಕೈಯಲ್ಲಿ ಬಂದೂಕವಿದ್ದರೂ ಅಪರಾಧಿಯನ್ನು ಹೊರಗಟ್ಟುವುದರಾಚೆಗೆ ಅಧಿಕಾರವಿರಲಿಲ್ಲವಾಗಿ, ದಂಡಿಸುವ ಬಲವು ಬಂದದ್ದು 1894ರ ಲೇಸಿ ಕಾಯಿದೆಯಿಂದ. 1916ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಉದ್ಯಾನ ಸೇವೆಯು ಮುಂದೆ ಆ ಹೊಣೆಯನ್ನು ಹೊತ್ತಿತು.

ಇತ್ತ 1883ರಲ್ಲಿ ರೈಲು ಉತ್ತರದ ಗಡಿಯ ಸಮೀಪಕ್ಕೆ ಬಂದಿತು. ಸಿರಿವಂತರು ಅಲ್ಲಿಂದ ಕುದುರೆ ಸಾರೋಟುಗಳಲ್ಲಿ, ಹೊಟೆಲಿನಿಂದ ಹೊಟೆಲಿಗೆ, ಐದಾರು ದಿನ ಸುತ್ತಿದರೆ, ಅಲ್ಪಸ್ವಲ್ಪ ಹಣವುಳ್ಳವರು ಡೇರೆಗಳಲ್ಲಿ ತಂಗಿದರು. ಓಲ್ಡ್ ಫೇತ್‌ಫುಲ್ಲಿನ ಎದುರಿಗೆ, ದುಂಡುಮರದ ದಿಮ್ಮಿಗಳಿಂದ ರಾಬರ್ಟ್ ರೀಮರ್ ರಚಿಸಿದ ಅತಿಥಿಗೃಹವು 1904ರಲ್ಲಿ ಬಾಗಿಲು ತೆರೆಯಿತು. ನಿಸರ್ಗಕ್ಕೆ ಸೆಣಸಾಗಿ ನಿಲ್ಲದೆ ಅದಕ್ಕೆ ಹೊಂದಿಕೊಂಡು ನಿಂತ ಕಟ್ಟಡಗಳಲ್ಲಿ ಅದು ಅಗ್ರಗಣ್ಯವೆಂದರೆ ಅತಿಶಯವಾಗದು. 1915ರ ಆಗಸ್ಟ್ 1ರಿಂದ ಮೋಟಾರುಗಾಡಿಗಳಿಗೆ ಪ್ರವೇಶ ದೊರೆತೊಡನೆ ಕೆಲವೇ ವರ್ಷಗಳಲ್ಲಿ ಸಾರೋಟುಗಳು ಮಾಯವಾಗಿ, ಮಧ್ಯಮವರ್ಗದ ಸಂಸಾರಗಳು ಪ್ರವಾಹದಂತೆ ಬರತೊಡಗಿದವು.

ಆ ಪ್ರವಾಹದ ಗುರುತನ್ನು ‘ಮಾರ್ನಿಂಗ್ ಗ್ಲೋರಿ’ ಕುಂಡವು ಇಂದಿಗೂ ಹೊತ್ತಿದೆ. ಹಿಂದೊಮ್ಮೆ ಅಚ್ಚ ನೀಲವಾಗಿದ್ದ ಅದಕ್ಕೆ ಜನರು ಎಸೆದ ವಸ್ತುಗಳು ನಾಳವನ್ನು ಕಟ್ಟಿ, ನೀರು ತಣ್ಣಗಾಗಿ, ಹಳದಿ ಕಿತ್ತಳೆ ವರ್ಣಗಳು ಅಂಚಿನಿಂದ ಒಳಕ್ಕೆ ಸರಿದವು. 1950ರಲ್ಲಿ ಅದನ್ನು ಬಲಾತ್ಕಾರವಾಗಿ ಚಿಮ್ಮಿಸಿದಾಗ ನಾಣ್ಯ, ಶೀಸೆ, ಡಬ್ಬಿ, ಕರವಸ್ತ್ರಗಳೊಡನೆ ಒಳಉಡುಪುಗಳೂ ಹೊರಬಿದ್ದವು. ವರ್ಣಗಳು ಹೀಗೆ ಬದಲಾಗಲು ಕಾರಣ ಜೀವಿಗಳು. ‘ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್’ ಎಂಬ, 100 ಮೀಟರಿಗೂ ಹೆಚ್ಚು ಅಗಲವಾದ ಕುಂಡದ ನಡುವೆ ತಾಪವು ಅತ್ಯಧಿಕವಾದುದರಿಂದ ನೀಲವೊಂದೇ ಕಾಣುವುದು. ಅಂಚಿನತ್ತ ತಣ್ಣಗಾದಂತೆಲ್ಲ ಒಂದೊಂದು ತಾಪಕ್ಕೆ ಒಗ್ಗಿದ ಸೂಕ್ಷ್ಮಜೀವಿಗಳು ತಮ್ಮ ತಮ್ಮ ಬಣ್ಣದ ವಲಯಗಳನ್ನು ಕಟ್ಟುತ್ತವೆ. ಇಲ್ಲಿಯ ಬುಗ್ಗೆಗಳಲ್ಲಿ ಸೂಕ್ಷ್ಮಜೀವಿವಿಜ್ಞಾನಿ ಥಾಮಸ್ ಬ್ರಾಕ್ 1960ರ ದಶಕದಲ್ಲಿ ಗುರುತಿಸಿದ ಬ್ಯಾಕ್ಟೀರಿಯವೊಂದರ ಕಿಣ್ವವು, ಕುದಿತಕ್ಕೆ ಸಮೀಪದ ತಾಪದಲ್ಲಿಯೂ ಕೆಡದ ತನ್ನ ಗುಣದಿಂದ, ಪಿ.ಸಿ.ಆರ್. ಪರೀಕ್ಷೆಗೆ ಆಧಾರವಾಯಿತು. ಕೊರೋನಾ ಕಾಲದಲ್ಲಿ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಜನರ ಬಾಯಲ್ಲಿದ್ದ ಪರೀಕ್ಷೆ ಇದೇ.

ಭೂಮಿಯೂ ತನ್ನ ಪಾಲಿನ ಬದಲಾವಣೆಗಳನ್ನು ಮಾಡುತ್ತಲೇ ಇದೆ. 1959ರ ಆಗಸ್ಟ್ 17ರಂದು ಪಶ್ಚಿಮದ ಗಡಿಯಾಚೆ ಹೆಬ್‌ಗೆನ್ ಸರೋವರದ ಬಳಿ ಸಂಭವಿಸಿದ ಪ್ರಬಲ ಭೂಕಂಪದಿಂದ ನೂರಾರು ಬುಗ್ಗೆಗಳು ಒಮ್ಮೆಲೇ ಉಕ್ಕಿ, ಓಲ್ಡ್ ಫೇತ್‌ಫುಲ್ಲಿನ ಚಿಮ್ಮುಗಳ ನಡುವಣ ಅಂತರವೂ ಕ್ರಮೇಣ ಹೆಚ್ಚಿತು. 30ರಿಂದ 55 ಮೀಟರುಗಳಷ್ಟು ಮೇಲೇಳುವ ಅದರ ಮುಂದಿನ ಸಮಯವನ್ನು ಈಗ ಹಿಂದಿನ ಚಿಮ್ಮು ಎಷ್ಟು ಹೊತ್ತು ನಡೆಯಿತೆಂಬುದರಿಂದ ಲೆಕ್ಕಹಾಕಿ ಫಲಕದ ಮೇಲೆ ಬರೆಯುತ್ತಾರೆ: ಅಲ್ಪಾವಧಿಯದಾಗಿದ್ದರೆ ಸುಮಾರು ಒಂದು ಗಂಟೆ, ದೀರ್ಘವಾಗಿದ್ದರೆ ಒಂದೂವರೆ ಗಂಟೆ. 2021ರ 48 ಲಕ್ಷಕ್ಕೂ ಹೆಚ್ಚಿನ ಸಂದರ್ಶನಗಳಲ್ಲಿ ಬಹುಪಾಲು ಈ ಫಲಕವನ್ನು ನೋಡಿ, ಹಲಗೆದಾರಿಯ ಮೇಲೆ ನಿಂತು, ಗಡಿಯಾರದ ಪ್ರಕಾರ ನಡೆದವು. ದಾರಿಯನ್ನು ಬಿಟ್ಟು ಇಳಿದವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಈವರೆಗೆ ಬೆಂದು ಸತ್ತಿದ್ದಾರೆ. ಕುಂಡದ ಸುತ್ತಣ ನೆಲವು ನೋಟಕ್ಕೆ ಗಟ್ಟಿ, ಹೆಜ್ಜೆಗೆ ಹಪ್ಪಳ. ಫಲಕಕ್ಕೆ ಸಿಕ್ಕುವ ಚಿಲುಮೆಗಳಾದರೂ ಬೆರಳೆಣಿಕೆಯವು. 90 ಮೀಟರುಗಳನ್ನು ಮೀರಿ ಚಿಮ್ಮಬಲ್ಲ, ಜಗತ್ತಿನಲ್ಲಿಯೇ ಅತ್ಯುನ್ನತವಾದ ‘ಸ್ಟೀಮ್‌ಬೋಟ್’ 1911ರಿಂದ 1961ರವರೆಗೆ ಅರ್ಧ ಶತಮಾನ ಸುಮ್ಮನಿದ್ದು, 2018ರಲ್ಲಿ ಹೊಸ ಹುರುಪಿನಿಂದ ಎದ್ದು, 2019ರಲ್ಲಿ 48 ಸಲವೂ 2020ರಲ್ಲಿ ಮತ್ತೆ ಅಷ್ಟೇ ಸಲವೂ ಚಿಮ್ಮಿ, ಆಮೇಲೆ ಪುನಃ ವಿರಳವಾಗಿದೆ.