ಹಾಜರಿ ಪುಸ್ತಕದ ಹೆಸರುಗಳು

ಯಾವ ಶಾಲೆಯಲ್ಲೇ ಆಗಲಿ, ಯಾರೂ ಓದಲೆಂದು ಕೈಗೆತ್ತಿಕೊಳ್ಳದ ಪುಸ್ತಕವೊಂದಿರುತ್ತದೆ. ಅದು ಹಾಜರಿ ಪುಸ್ತಕ. ಎಡಗಡೆ ಹೆಸರುಗಳ ಸಾಲು, ಬಲಗಡೆ ದಿನಕ್ಕೊಂದರಂತೆ ಸಣ್ಣ ಸಣ್ಣ ಮನೆಗಳು, ಆ ಮನೆಗಳಲ್ಲಿ ಮೇಷ್ಟರು ಹಾಕಿದ ಗುರುತುಗಳು. ಇಷ್ಟೇ ಅದರ ಸಾಹಿತ್ಯ. ಆದರೆ ಸರ್ಕಾರದ ಬೊಕ್ಕಸದಿಂದ ಶಾಲೆಗಳಿಗೆ ಮಕ್ಕಳ ಲೆಕ್ಕದ ಮೇಲೆ ಹಣ ಹರಿಯತೊಡಗಿದಂದಿನಿಂದ ಈ ನೀರಸ ಪುಸ್ತಕದ ಒಂದೊಂದು ಗುರುತಿಗೂ ಬೆಲೆ ಬಂದಿತು. ಬೆಲೆ ಬಂದ ವಸ್ತುವಿಗೆ ಖೋಟಾ ಹುಟ್ಟುವುದು ತಡವಾಗುವುದಿಲ್ಲ. ಅಮೆರಿಕದ ಚಾರ್ಟರ್ ಶಾಲೆಗಳಲ್ಲಿ ಮಕ್ಕಳ ಎಣಿಕೆಯ ಬಗೆಗೆ ಇತ್ತೀಚಿನ ವರ್ಷಗಳಲ್ಲಿ ನಡೆದ ವ್ಯಾಜ್ಯಗಳನ್ನು ಅರಿಯಬೇಕಾದರೆ, ಅದಕ್ಕಿಂತ ಒಂದೂವರೆ ಶತಮಾನ ಹಿಂದೆ ಇಂಗ್ಲೆಂಡಿನಲ್ಲಿ ನಡೆದ ಒಂದು ಪ್ರಯೋಗವನ್ನು ಮೊದಲು ನೋಡುವುದು ಒಳ್ಳೆಯದು.

ಇಂಗ್ಲೆಂಡಿನ ಸರ್ಕಾರ 1833ರಲ್ಲಿ ಮೊದಲ ಬಾರಿಗೆ, ಧಾರ್ಮಿಕ ಸಂಘಗಳು ನಡೆಸುತ್ತಿದ್ದ ಶಾಲೆಗಳಿಗೆಂದು 20,000 ಪೌಂಡುಗಳನ್ನು ತೆಗೆದಿರಿಸಿತು. 1861ರ ವೇಳೆಗೆ ಆ ಮೊತ್ತ 8 ಲಕ್ಷ ಪೌಂಡುಗಳನ್ನು ದಾಟಿತ್ತು. ಕ್ರಿಮಿಯ ಯುದ್ಧದ ಖರ್ಚಿನಿಂದ ಬಳಲಿದ್ದ ಬೊಕ್ಕಸಕ್ಕೆ ಇದು ಭಾರವೆನಿಸಿತು. ಶಿಕ್ಷಣ ಸಮಿತಿಯ ಉಪಾಧ್ಯಕ್ಷನಾಗಿದ್ದ ರಾಬರ್ಟ್ ಲೋ ಎಂಬಾತ 1862ರಲ್ಲಿ ಹೊಸ ನಿಯಮಾವಳಿಯನ್ನು ಜಾರಿಗೆ ತಂದ. ಹೊಸ ಕ್ರಮ ದುಬಾರಿಯಾದರೆ ಫಲಕಾರಿಯಾದರೂ ಆಗುತ್ತದೆ, ಫಲ ಕೊಡದಿದ್ದರೆ ಅಗ್ಗವಾದರೂ ಆಗುತ್ತದೆ ಎಂಬುದು ಪಾರ್ಲಿಮೆಂಟಿನಲ್ಲಿ ಅವನು ಕೊಟ್ಟ ಭರವಸೆಯ ತಾತ್ಪರ್ಯ.

ಆ ನಿಯಮಾವಳಿಯ ಲೆಕ್ಕ ಬಹಳ ಸ್ವಾರಸ್ಯವಾಗಿದೆ. ಶಾಲೆಯ ಸರಾಸರಿ ಹಾಜರಿಯಲ್ಲಿ ತಲೆಗೆ 4 ಷಿಲಿಂಗು. ಅದರ ಮೇಲೆ, ಬೆಳಗಿನ ಹೊತ್ತಿಗೊಂದು ಮಧ್ಯಾಹ್ನದ ಹೊತ್ತಿಗೊಂದು ಎಂದು ಎಣಿಸಿ, ವರ್ಷದಲ್ಲಿ 200ಕ್ಕೂ ಹೆಚ್ಚು ಹಾಜರಿಗಳಾದ ಮಗುವಿಗೆ ಮತ್ತೆ 8 ಷಿಲಿಂಗು. ಆದರೆ ಈ 8 ಷಿಲಿಂಗು ಕೈಸೇರಬೇಕಾದರೆ ಮಗು ತನಿಖಾಧಿಕಾರಿಯ ಮುಂದೆ ಓದು, ಬರಹ, ಗಣಿತ ಮೂರರಲ್ಲಿಯೂ ತೇರ್ಗಡೆಯಾಗಬೇಕು. ಒಂದರಲ್ಲಿ ತಪ್ಪಿದರೆ 2 ಷಿಲಿಂಗು 8 ಪೆನ್ಸು ಖೋತಾ. ಎಂಟು ಷಿಲಿಂಗನ್ನು ಮೂರು ಪಾಲು ಮಾಡಿದರೆ ಸರಿಯಾಗಿ ಬರುವ ಮೊತ್ತ ಅದು. ಮಗುವಿನ ವಿದ್ಯೆಯನ್ನು ಪೆನ್ಸಿನವರೆಗೆ ಅಳೆದುಬಿಟ್ಟ ಈ ಜಾಣ್ಮೆಗೆ ಏನೆನ್ನಬೇಕೋ ತಿಳಿಯದು.

ಲೋ ಹೇಳಿದಂತೆ ಅದು ಅಗ್ಗವಂತೂ ಆಯಿತು. 1865ರ ಹೊತ್ತಿಗೆ ಅನುದಾನ 6 ಲಕ್ಷ 37 ಸಾವಿರ ಪೌಂಡುಗಳಿಗೆ ಇಳಿಯಿತು. ಪರೀಕ್ಷೆಯ ದಿನ ಮಗು ಬಾರದಿದ್ದರೆ ಶಾಲೆಗೆ ನಷ್ಟವಾದ್ದರಿಂದ, ಜ್ವರದಲ್ಲಿದ್ದ ಮಕ್ಕಳನ್ನೂ ಬಟ್ಟೆ ಸುತ್ತಿ ಹೊತ್ತು ತರುತ್ತಿದ್ದರೆಂದು ಆ ಕಾಲದವರ ನೆನಪುಗಳಲ್ಲಿ ಓದುತ್ತೇವೆ. ಓದಿನ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ ಮಾಡಿಸಿದ್ದರಿಂದ, ಪುಸ್ತಕವನ್ನು ತಲೆಕೆಳಗಾಗಿ ಹಿಡಿದೂ ಮಕ್ಕಳು ನಿರರ್ಗಳವಾಗಿ ಓದುತ್ತಿದ್ದರಂತೆ. ಹಾಜರಿಯನ್ನು ಶಾಯಿಯಲ್ಲಿಯೇ ಗುರುತಿಸಬೇಕು, ಅಳಿಸಿ ತಿದ್ದಬಾರದು ಎಂಬ ಕಟ್ಟಳೆಗಳು ಬಂದವು. ಮುಂದೆ ತಿಳಿಸದೆಯೇ ಬಂದು ಪುಸ್ತಕವನ್ನೂ ಬೆಂಚುಗಳನ್ನೂ ತಾಳೆ ನೋಡುವ ಪದ್ಧತಿಯೂ ಬಂದಿತು. ಶಿಕ್ಷಕನನ್ನು ನಂಬಿ ಹಣ ಕೊಡುತ್ತಿದ್ದ ಸರ್ಕಾರ ಈಗ ಅವನ ಶಾಯಿಯನ್ನು ಶಂಕಿಸತೊಡಗಿತು. ಸ್ವತಃ ಶಾಲಾ ತನಿಖಾಧಿಕಾರಿಯಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡ್ ಈ ಪದ್ಧತಿಯನ್ನು ಮೊದಲ ವರ್ಷದಲ್ಲಿಯೇ ಬಹಿರಂಗವಾಗಿ ವಿರೋಧಿಸಿದ. ಆದರೂ ಅದು ಪೂರ್ಣವಾಗಿ ಅಳಿಯಬೇಕಾದರೆ 1890ರ ದಶಕ ಬರಬೇಕಾಯಿತು.

ಇದು ಬರಿಯ ಪರದೇಶದ ಮಾತಲ್ಲ. 1854ರ ವುಡ್‌ನ ಶಿಕ್ಷಣ ಪತ್ರದ ನಂತರ ನಮ್ಮಲ್ಲಿಯೂ ಅನುದಾನ ಪದ್ಧತಿ ಬಂದಿತು. ಫಲ ನೋಡಿ ಹಣ ಕೊಡುವ ಕ್ರಮ ಮುಂಬಯಿ ಮತ್ತು ಮದರಾಸು ಪ್ರಾಂತಗಳಲ್ಲಿ ಆಚರಣೆಯಲ್ಲಿತ್ತು. ಎಂದರೆ ಧಾರವಾಡ ಬೆಳಗಾವಿಗಳ ಕಡೆಯಲ್ಲಿಯೂ ಬಳ್ಳಾರಿ ಮಂಗಳೂರುಗಳ ಕಡೆಯಲ್ಲಿಯೂ ಅನುದಾನಿತ ಶಾಲೆಗಳನ್ನು ಆಳಿದ ಪದ್ಧತಿ ಅದು. 1904ರಲ್ಲಿ ಕರ್ಜನ್ನನ ಸರ್ಕಾರ ಹೊರಡಿಸಿದ ಶಿಕ್ಷಣ ನೀತಿಯ ನಿರ್ಣಯದೊಡನೆ ಅದರ ಕಾಲ ಮುಗಿಯಿತು. ಇನ್ಸ್‌ಪೆಕ್ಟರು ಬರುವ ದಿನ ತಪ್ಪದೆ ಬರಬೇಕೆಂದು ಮಕ್ಕಳಿಗೆ ಹೇಳಿ ಕಳುಹಿಸುವ ವಾಡಿಕೆ ಮಾತ್ರ ಅದರ ಜೊತೆ ಮುಗಿಯಲಿಲ್ಲ.

ಇನ್ನು ಅಮೆರಿಕಕ್ಕೆ ಬರೋಣ. ಚಾರ್ಟರ್ ಎಂದರೆ ಸನ್ನದು. ಸರ್ಕಾರದ ಹಣದಿಂದ ನಡೆಯುವ, ಮಕ್ಕಳಿಂದ ಶುಲ್ಕ ಪಡೆಯದ, ಆದರೆ ಊರಿನ ಶಿಕ್ಷಣ ಮಂಡಲಿಯ ಹಲವು ಕಟ್ಟುಪಾಡುಗಳಿಂದ ಬಿಡುಗಡೆ ಪಡೆದ ಶಾಲೆಗೆ ಈ ಹೆಸರು. ಶಿಕ್ಷಕರ ಸಂಘದ ನಾಯಕನಾಗಿದ್ದ ಆಲ್ಬರ್ಟ್ ಶ್ಯಾಂಕರ್ 1988ರಲ್ಲಿ ಈ ವಿಚಾರವನ್ನು ಎತ್ತಿ ಆಡಿದ. ಶಿಕ್ಷಕರು ತಾವೇ ಕೂಡಿ ಹೊಸ ಪ್ರಯೋಗಗಳನ್ನು ಮಾಡಲೆಂಬುದು ಅವನ ಆಶಯ. ಮುಂದೆ ಈ ಶಾಲೆಗಳು ಹಿಡಿದ ದಾರಿ ಅವನಿಗೇ ಒಪ್ಪಿಗೆಯಾಗಲಿಲ್ಲ ಎಂಬುದು ಬೇರೆ ಮಾತು. ಮಿನ್ನೆಸೋಟ ಸಂಸ್ಥಾನ 1991ರಲ್ಲಿ ಮೊದಲ ಕಾನೂನು ಮಾಡಿತು. ಮರುವರ್ಷ ಸೇಂಟ್ ಪಾಲ್ ನಗರದಲ್ಲಿ ಮೊದಲ ಶಾಲೆ ತೆರೆಯಿತು. ಅದೇ 1992ರಲ್ಲಿ ಕ್ಯಾಲಿಫೋರ್ನಿಯ ಕಾನೂನು ಮಾಡಿತು. ಈಗ ನಲವತ್ತಕ್ಕೂ ಹೆಚ್ಚು ಸಂಸ್ಥಾನಗಳಲ್ಲಿ ಇಂಥ ಕಾನೂನುಗಳಿವೆ.

ಊರಿನ ಶಿಕ್ಷಣ ಮಂಡಲಿಗೆ ಆಸ್ತಿ ತೆರಿಗೆಯ ಆಧಾರವಿದೆ. ಚಾರ್ಟರ್ ಶಾಲೆಗೆ ತೆರಿಗೆ ಹಾಕುವ ಅಧಿಕಾರವಿಲ್ಲ. ಅದರ ಜೀವ ಮಕ್ಕಳ ಸಂಖ್ಯೆಯಲ್ಲಿದೆ. ಮಗು ಹೋದಲ್ಲಿಗೆ ಹಣ ಹೋಗುತ್ತದೆ. ಆದುದರಿಂದ ಮಗು ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಖಚಿತವಾಗಿರಬೇಕು. ಇಲ್ಲಿ ಒಂದೊಂದು ಸಂಸ್ಥಾನದ ಉತ್ತರ ಒಂದೊಂದು ಬಗೆ. ಮಿಷಿಗನ್ನಿನಲ್ಲಿ ಎಣಿಕೆಯ ದಿನವೆಂದೇ ಒಂದು ದಿನವಿದೆ. ಅಕ್ಟೋಬರ್ ತಿಂಗಳ ಮೊದಲ ಬುಧವಾರ ಮಕ್ಕಳನ್ನು ಎಣಿಸುತ್ತಾರೆ. ಫೆಬ್ರವರಿಯಲ್ಲಿ ಮತ್ತೊಮ್ಮೆ ಎಣಿಸಿದರೂ ಅಕ್ಟೋಬರದ್ದಕ್ಕೇ ಹೆಚ್ಚಿನ ತೂಕ. ಆ ದಿನ ಐಸ್ ಕ್ರೀಂ ಹಂಚಿ, ಔತಣ ಏರ್ಪಡಿಸಿ ಮಕ್ಕಳನ್ನು ಕರೆತರುವ ಶಾಲೆಗಳುಂಟು. ಮರುದಿನದಿಂದ ಮಗು ಬೇರೆ ಶಾಲೆಗೆ ಹೋದರೆ, ಮಗು ಅಲ್ಲಿ, ಹಣದ ಬಹುಪಾಲು ಇಲ್ಲಿ. ಕ್ಯಾಲಿಫೋರ್ನಿಯದಲ್ಲಿ ಹಾಗಲ್ಲ; ವರ್ಷವಿಡೀ ದಿನದಿನದ ಹಾಜರಿಯ ಸರಾಸರಿ ತೆಗೆಯುತ್ತಾರೆ. ಇದು ಹೆಚ್ಚು ನ್ಯಾಯವೆಂದು ತೋರುತ್ತದೆ. ಆದರೆ ಬಡವರ ಮಕ್ಕಳು, ಕಾಯಿಲೆಯ ಮಕ್ಕಳು, ಮನೆಯಿಂದ ಮನೆಗೆ ಅಲೆಯುವ ಮಕ್ಕಳು ಹೆಚ್ಚಾಗಿರುವ ಶಾಲೆಯಲ್ಲಿ ಗೈರುಹಾಜರಿಯೂ ಹೆಚ್ಚು. ಮಗು ಬಾರದ ದಿನ ಶಿಕ್ಷಕನ ಸಂಬಳವಾಗಲಿ ದೀಪದ ಖರ್ಚಾಗಲಿ ಕಡಮೆಯಾಗುವುದಿಲ್ಲ. ಪ್ರಾಮಾಣಿಕವಾಗಿ ಲೆಕ್ಕ ಬರೆದ ಶಾಲೆ ಹೆಚ್ಚು ಅಗತ್ಯವಿರುವ ಕಡೆಯಲ್ಲಿಯೇ ಕಡಮೆ ಹಣ ಪಡೆಯುತ್ತದೆ. ಸುಳ್ಳು ಹೇಳುವ ಆಸೆ ಬರಿಯ ದುರಾಸೆಯಿಂದಲೇ ಹುಟ್ಟುವುದೆಂದು ತಿಳಿಯುವವರು ಈ ಮಾತನ್ನು ಸ್ವಲ್ಪ ಯೋಚಿಸಬೇಕು.

ಬೆಂಚಿನ ಮೇಲೆ ಕುಳಿತ ಮಗುವನ್ನಾದರೂ ಎಣಿಸಬಹುದು. ಬೆಂಚೇ ಇಲ್ಲದ ಶಾಲೆಯಲ್ಲಿ ಏನು ಮಾಡುವುದು? ಓಹಿಯೋ ಸಂಸ್ಥಾನದಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ಅಲ್ಲಿ 2000ದಲ್ಲಿ 'ಎಲೆಕ್ಟ್ರಾನಿಕ್ ಕ್ಲಾಸ್‌ರೂಮ್ ಆಫ್ ಟುಮಾರೊ', ಎಂದರೆ ನಾಳೆಯ ವಿದ್ಯುನ್ಮಾನ ತರಗತಿ ಎಂಬ ಹೆಸರಿನ ಶಾಲೆ ಆರಂಭವಾಯಿತು. ಮಕ್ಕಳು ಮನೆಯಲ್ಲಿಯೇ ಗಣಕಯಂತ್ರದ ಮುಂದೆ ಕುಳಿತು ಕಲಿಯಬೇಕು. ದೈಹಿಕವಾಗಿ ದುರ್ಬಲರಾದವರು, ಬೇರೆ ಶಾಲೆಗಳಲ್ಲಿ ಕಾಟ ತಾಳಲಾರದೆ ಬಿಟ್ಟವರು, ಎಳೆಯ ವಯಸ್ಸಿನಲ್ಲಿಯೇ ತಾಯಂದಿರಾದವರು, ದುಡಿದು ಮನೆ ನಡೆಸುವವರು, ಇಂಥವರಿಗೆ ಅದು ನಿಜವಾಗಿಯೂ ಆಸರೆಯಾಗಿತ್ತು ಎಂಬುದನ್ನು ಮರೆಯಬಾರದು. ಶಾಲೆ ಬೆಳೆದು ಆ ಸಂಸ್ಥಾನದ ಅತಿ ದೊಡ್ಡ ಚಾರ್ಟರ್ ಶಾಲೆಯಾಯಿತು. ಅದರ ಆಡಳಿತವನ್ನೂ ಪಾಠಸಾಮಗ್ರಿಯನ್ನೂ ಒದಗಿಸುತ್ತಿದ್ದವು ಸ್ಥಾಪಕರದೇ ಆದ ಎರಡು ಖಾಸಗಿ ಕಂಪನಿಗಳು. 2015-16ನೆಯ ಸಾಲಿನಲ್ಲಿ ಶಾಲೆ ತನ್ನಲ್ಲಿ ಪೂರ್ಣಾವಧಿಯ ಲೆಕ್ಕದಲ್ಲಿ ಸುಮಾರು 15,300 ವಿದ್ಯಾರ್ಥಿಗಳಿದ್ದಾರೆಂದು ವರದಿ ಮಾಡಿ, ಹತ್ತು ಕೋಟಿ ಡಾಲರಿಗೂ ಮಿಕ್ಕಿ ಹಣ ಪಡೆಯಿತು.

ಸಂಸ್ಥಾನದ ಶಿಕ್ಷಣ ಇಲಾಖೆ 2016ರಲ್ಲಿ ಹೊಸದೊಂದು ಪ್ರಶ್ನೆ ಕೇಳಿತು. ಮಕ್ಕಳು ಯಂತ್ರದ ಮುಂದೆ ಎಷ್ಟು ಹೊತ್ತು ಇದ್ದರು? ಅದರ ದಾಖಲೆ ತೋರಿಸಿ ಎಂದಿತು. ಸಿಕ್ಕ ದಾಖಲೆಗಳಿಂದ ಸಮರ್ಥನೆಯಾದ ಸಂಖ್ಯೆ ಸುಮಾರು 6,300 ಮಾತ್ರ. ಇಲಾಖೆ 6 ಕೋಟಿ ಡಾಲರುಗಳನ್ನು ಹಿಂದಿರುಗಿಸಬೇಕೆಂದಿತು. ಮರುವರ್ಷದ ಲೆಕ್ಕವನ್ನೂ ಕೂಡಿಸಿ ಆ ಬಾಕಿ 8 ಕೋಟಿಯ ಹತ್ತಿರಕ್ಕೆ ಹೋಯಿತು.

ಶಾಲೆಯ ವಾದವನ್ನು ಹುಸಿಯೆಂದು ತಳ್ಳಿಬಿಡುವುದು ಸುಲಭ. ಆದರೆ ಅದರಲ್ಲಿ ಒಂದು ತಾತ್ತ್ವಿಕ ತೊಡಕಿದೆ. ಕಾನೂನು ಹೇಳುವುದು ವರ್ಷಕ್ಕೆ 920 ಗಂಟೆಗಳ ಕಲಿಕೆಯ ಅವಕಾಶವನ್ನು ಒದಗಿಸಬೇಕೆಂದು. ಆ ಅವಕಾಶವನ್ನು ನಾವು ಒದಗಿಸಿದ್ದೇವೆ. ಮಗು ಅದನ್ನು ಬಳಸಿತೋ ಇಲ್ಲವೋ ಎಂಬುದು ಹಣದ ಪ್ರಶ್ನೆಯಲ್ಲ. ಇಷ್ಟು ವರ್ಷ ಇಲಾಖೆಯೂ ಹಾಗೆಯೇ ಒಪ್ಪಿಕೊಂಡು ಬಂದಿದೆ. ಇದು ಅವರ ನಿಲುವು. ಊಟ ಬಡಿಸಿದವನಿಗೆ ಹಣ ಕೊಡಬೇಕೋ, ಉಂಡವರನ್ನು ಎಣಿಸಿ ಕೊಡಬೇಕೋ ಎಂಬಂಥ ವಿವಾದ. ಸಾಮಾನ್ಯ ಶಾಲೆಯಲ್ಲಿ ಬೆಂಚಿನ ಮೇಲೆ ಕುಳಿತು ಕನಸು ಕಾಣುವ ಹುಡುಗನನ್ನೂ ಹಾಜರೆಂದೇ ಬರೆಯುತ್ತೇವಲ್ಲ? ಆದರೆ ಅಲ್ಲಿ ಮಗುವಿನ ದೇಹವಾದರೂ ಇದೆ. ಇಲ್ಲಿ ಉಳಿದದ್ದು ಹೆಸರು ಮಾತ್ರ. 2018ರ ಆಗಸ್ಟಿನಲ್ಲಿ ಓಹಿಯೋದ ಸರ್ವೋಚ್ಚ ನ್ಯಾಯಾಲಯ ನಾಲ್ಕಕ್ಕೆ ಎರಡರ ಬಹುಮತದಿಂದ ಇಲಾಖೆಯ ಪರವಾಗಿ ತೀರ್ಪು ಕೊಟ್ಟಿತು. ಮಕ್ಕಳು ಎಷ್ಟು ಹೊತ್ತು ಪಾಠದಲ್ಲಿ ತೊಡಗಿದ್ದರೆಂದು ಕೇಳುವ ಅಧಿಕಾರ ಇಲಾಖೆಗೆ ಕಾನೂನಿನಲ್ಲಿಯೇ ಇದೆ ಎಂದಿತು.

ಕ್ಯಾಲಿಫೋರ್ನಿಯದಲ್ಲಿ ನಡೆದದ್ದು ಇಂಥ ವ್ಯಾಖ್ಯಾನದ ಜಗಳವಲ್ಲ, ನೇರವಾದ ಅಪರಾಧ. 2019ರ ಮೇ ತಿಂಗಳಲ್ಲಿ ಸ್ಯಾನ್ ಡಿಯೆಗೊ ಜಿಲ್ಲೆಯ ಅಭಿಯೋಜಕರು, ಏತ್ರೀ ಎಂಬ ಹೆಸರಿನ ಸಂಸ್ಥೆಯ ಸುತ್ತ ಹೆಣೆದಿದ್ದ 19 ಚಾರ್ಟರ್ ಶಾಲೆಗಳ ಸಂಬಂಧದಲ್ಲಿ 11 ಮಂದಿಯ ಮೇಲೆ ಆಪಾದನೆ ಹೊರಿಸಿದರು. ಬೇಸಗೆಯ ರಜೆಯಲ್ಲಿ ಆಟಕ್ಕೆಂದು ಕೂಡುವ ಮಕ್ಕಳ ತಂಡಗಳಿಗೆ ಹಣ ಕೊಟ್ಟು, ಆ ಮಕ್ಕಳ ಹೆಸರುಗಳನ್ನು ಪಡೆದು, ತಮ್ಮ ಶಾಲೆಯ ವಿದ್ಯಾರ್ಥಿಗಳೆಂದು ಬರೆದುಕೊಂಡಿದ್ದರು. ಚೆಂಡಾಡುತ್ತಿದ್ದ ಎಷ್ಟೋ ಮಕ್ಕಳಿಗೆ ತಾವೊಂದು ಶಾಲೆಯ ವಿದ್ಯಾರ್ಥಿಗಳೆಂಬುದೇ ತಿಳಿದಿರಲಿಲ್ಲ. 2021ರಲ್ಲಿ ಮುಖ್ಯ ಆರೋಪಿಗಳಿಬ್ಬರೂ ತಪ್ಪೊಪ್ಪಿಕೊಂಡು, 20 ಕೋಟಿ ಡಾಲರಿಗೂ ಹೆಚ್ಚಿನ ಸ್ವತ್ತನ್ನು ಬಿಟ್ಟುಕೊಡಲು ಒಪ್ಪಿದರು. ಲೋ ಮಹಾಶಯನ ಪದ್ಧತಿಯಲ್ಲಿ ಹಣಕ್ಕಾಗಿ ಜ್ವರದ ಮಗುವನ್ನು ಹೊತ್ತು ತರಬೇಕಾಗಿತ್ತು. ಇಲ್ಲಿ ಮಗುವನ್ನು ಕರೆಯುವ ಶ್ರಮವೂ ಉಳಿಯಿತು.

ಓಹಿಯೋದ ಶಾಲೆಗೆ ಮರಳಿದರೆ, ಅದು ನ್ಯಾಯಾಲಯದ ಕೊನೆಯ ಮಾತನ್ನು ಕೇಳಲು ಉಳಿದಿರಲಿಲ್ಲ. ಹಿಂದಿರುಗಿಸಬೇಕಾದ ಹಣವನ್ನು ಇಲಾಖೆ ತಿಂಗಳ ಕಂತಿನಿಂದ ಮುರಿದುಕೊಳ್ಳುತ್ತಿದ್ದುದರಿಂದ, 2018ರ ಜನವರಿಯಲ್ಲಿ, ವರ್ಷದ ನಟ್ಟನಡುವೆ, ಅದು ಮುಚ್ಚಿಹೋಯಿತು. ಆಗ ಅದರ ಪಟ್ಟಿಯಲ್ಲಿದ್ದವರು ಸುಮಾರು 12,000 ಮಂದಿ. ಬರಿಯ ಹೆಸರುಗಳಾಗಿದ್ದವರಿಗೆ ಇದರಿಂದ ತೊಂದರೆಯೇನೂ ಆಗಲಿಲ್ಲ. ಪ್ರತಿದಿನ ಯಂತ್ರದ ಮುಂದೆ ಕುಳಿತು ನಿಜವಾಗಿ ಓದುತ್ತಿದ್ದವರಿದ್ದರಲ್ಲ, ಆ ವರ್ಷವೇ ಶಾಲೆ ಮುಗಿಸಬೇಕೆಂದಿದ್ದವರು ಕೂಡ, ಅವರು ಚಳಿಗಾಲದಲ್ಲಿ ಅಪ್ಪ ಅಮ್ಮಂದಿರೊಡನೆ ಹೊಸ ಶಾಲೆಗಳನ್ನು ಹುಡುಕಿಕೊಂಡು ಹೊರಟರು. ಊರೂರಿನ ಶಾಲೆಗಳು ಅರ್ಧ ವರ್ಷ ಕಳೆದ ತಮ್ಮ ಹಾಜರಿ ಪಟ್ಟಿಗಳ ಕೊನೆಯಲ್ಲಿ ಅವರ ಹೆಸರುಗಳನ್ನು ಸೇರಿಸಿಕೊಂಡವು.