ವಂಡರ್ ವುಮನ್ ಉಟ್ಟುತೊಟ್ಟ ಬಗೆ

ನಾಟ್ಯಶಾಸ್ತ್ರವನ್ನು ಬಲ್ಲವರು ಅಭಿನಯವನ್ನು ಆಂಗಿಕ, ವಾಚಿಕ, ಸಾತ್ತ್ವಿಕ, ಆಹಾರ್ಯ ಎಂದು ನಾಲ್ಕಾಗಿ ವಿಂಗಡಿಸುತ್ತಾರೆ. ಆಹಾರ್ಯವೆಂದರೆ ವೇಷಭೂಷಣ. ಪಾತ್ರವು ಬಾಯಿ ತೆರೆಯುವ ಮುನ್ನವೇ ವೇಷವು ಮಾತಾಡಿಬಿಡುತ್ತದೆ. ಈ ಮಾತನ್ನು ನನಗೆ ಮತ್ತೆ ನೆನಪಿಸಿದವಳು ಒಂಬತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿ. ಅಮೆರಿಕದ ಚಿತ್ರಕಥೆಯ ಪುಸ್ತಕವೊಂದನ್ನು ಹಿಡಿದು ಬಂದು, “ಸಾರ್, ಇವಳು ಯುದ್ಧಕ್ಕೆ ಹೋಗೋಳು. ಜೊತೆಯ ಗಂಡಸರಿಗೆಲ್ಲ ಮೈತುಂಬ ಬಟ್ಟೆ ಇದೆ. ಇವಳಿಗೆ ಮಾತ್ರ ಯಾಕಿಲ್ಲ?” ಎಂದು ಕೇಳಿದಳು. ಥಟ್ಟನೆ ಉತ್ತರ ಹೊಳೆಯಲಿಲ್ಲ. ಹುಡುಕಿ ತಿಳಿದುದನ್ನು ಈಗ ತಮ್ಮ ಮುಂದೆ ಇಡುತ್ತಿದ್ದೇನೆ.

ಪುಸ್ತಕದ ನಾಯಕಿ ವಂಡರ್ ವುಮನ್. 1941ರಲ್ಲಿ, ಎರಡನೆಯ ಮಹಾಯುದ್ಧದ ಹೊಗೆ ಅಮೆರಿಕದ ಹೊಸ್ತಿಲಿಗೆ ಬಂದಿದ್ದಾಗ, ಆಲ್ ಸ್ಟಾರ್ ಕಾಮಿಕ್ಸ್ ಎಂಬ ಪತ್ರಿಕೆಯ ಎಂಟನೆಯ ಸಂಚಿಕೆಯಲ್ಲಿ ಅವಳು ಹುಟ್ಟಿದಳು. ಕಲ್ಪಿಸಿದವನು ಮನಶ್ಶಾಸ್ತ್ರಜ್ಞನಾದ ವಿಲಿಯಂ ಮೌಲ್ಟನ್ ಮಾರ್ಸ್ಟನ್. ಬರೆದ ಕುಂಚ ಹ್ಯಾರಿ ಪೀಟರನದು. ಎದೆಯ ಮೇಲೆ ಚಿನ್ನದ ಹದ್ದಿರುವ ಕೆಂಪು ಕುಪ್ಪಸ, ಬಿಳಿಯ ನಕ್ಷತ್ರಗಳ ನೀಲಿ ಲಂಗ, ಎತ್ತರ ಹಿಮ್ಮಡಿಯ ಕೆಂಪು ಬೂಟು, ಹಣೆಯಲ್ಲಿ ಪಟ್ಟ, ಎರಡು ಕೈಗೂ ಕಡಗ. ಇದು ಆಕೆಯ ಮೊದಲ ಉಡುಪು. ಆಕೆ ಗ್ರೀಕ್ ಪುರಾಣದ ಅಮೆಜಾನ್ ವೀರಸ್ತ್ರೀಯರ ಮಗಳು. ಆದರೆ ಉಟ್ಟದ್ದು ಅಮೆರಿಕದ ಧ್ವಜವನ್ನೇ! ಯುದ್ಧಕಾಲದ ದೇಶಾಭಿಮಾನವು ಅಲ್ಲಿ ದರ್ಜಿಯಾಗಿತ್ತು. 1942ರಲ್ಲಿ ಸೊಂಟಕ್ಕೆ ಚಿನ್ನದ ಪಾಶವೂ ಬಂದಿತು.

ಲಂಗವು ಬಹುಕಾಲ ಉಳಿಯಲಿಲ್ಲ. ಬೇಗನೆ ಅದು ಚಡ್ಡಿಯಾಯಿತು, ಆ ಚಡ್ಡಿಯು ವರ್ಷ ಕಳೆದಂತೆ ಮೇಲೇರುತ್ತ ಹೋಯಿತು. 1947ರಲ್ಲಿ ಮಾರ್ಸ್ಟನ್ ತೀರಿಕೊಂಡ. 1950ರ ಸುಮಾರಿಗೆ ಬೂಟು ಹೋಗಿ, ಕಾಲಿಗೆ ದಾರ ಸುತ್ತುವ ಪಾದರಕ್ಷೆ ಬಂದಿತು.

ಎಲ್ಲಕ್ಕಿಂತ ದೊಡ್ಡ ಪಲ್ಲಟವಾದದ್ದು 1968ರಲ್ಲಿ. ಕಥೆಗಾರರು ಆಕೆಯ ಅತಿಮಾನುಷ ಶಕ್ತಿಯನ್ನೂ ಹಳೆಯ ಉಡುಪನ್ನೂ ಒಟ್ಟಿಗೇ ಕಳಚಿ, ಅಂದಿನ ಹೊಸ ಮಾದರಿಯ ಬಟ್ಟೆ ತೊಡಿಸಿ, ಬಟ್ಟೆಯಂಗಡಿಯೊಂದನ್ನು ಇಟ್ಟುಕೊಟ್ಟರು. ಮುಂದೆ ಆಕೆ ಹೆಚ್ಚಾಗಿ ಬಿಳಿಯ ಷರಾಯಿಯಲ್ಲಿ ಕಾಣಿಸಿದಳು. ಈಗ ಮೈ ಮುಚ್ಚಿತ್ತು, ಬಲ ಮಾತ್ರ ಹೋಗಿತ್ತು. ಓದುಗರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಬಟ್ಟೆ ಹೆಚ್ಚಿದ ಮಾತ್ರಕ್ಕೆ ಗೌರವ ಹೆಚ್ಚಿತೆಂದು ಹೇಳುವಂತಿಲ್ಲ. ಸ್ತ್ರೀಸ್ವಾತಂತ್ರ್ಯದ ಹೋರಾಟಗಾರ್ತಿ ಗ್ಲೋರಿಯಾ ಸ್ಟೈನೆಮ್ ಈ ಬದಲಾವಣೆಯನ್ನು ಒಪ್ಪಲಿಲ್ಲ. 1972ರ ಜುಲೈಯಲ್ಲಿ ಆಕೆಯ ‘ಮಿಸ್’ ಪತ್ರಿಕೆಯ ಮುಖಪುಟದಲ್ಲಿ ವಂಡರ್ ವುಮನ್ ಹಳೆಯ ಉಡುಪಿನಲ್ಲಿಯೇ ನಿಂತಳು. 1973ರಲ್ಲಿ ಶಕ್ತಿಯೂ ಉಡುಪೂ ಮರಳಿದವು.

1982ರಲ್ಲಿ ಎದೆಯ ಹದ್ದು ಹಾರಿಹೋಗಿ, ರೆಕ್ಕೆಯಂತೆ ಕಾಣುವ ಜೋಡಿ ಅಕ್ಷರಗಳ ಮುದ್ರೆ ಬಂದು ಕುಳಿತಿತು. 2010ರಲ್ಲಿ ಚಿತ್ರಕಾರ ಜಿಮ್ ಲೀ ಷರಾಯಿ, ಜಾಕೀಟು ತೊಡಿಸಿದ. ಮೆಚ್ಚಿದವರಷ್ಟೇ ಮುನಿದವರೂ ಇದ್ದರು. ಮರುವರ್ಷ ಹೊಸ ಸರಣಿ ಹೊರಡುವಾಗ, ಮುಂಗಡ ಚಿತ್ರಗಳಲ್ಲಿ ಇದ್ದ ಷರಾಯಿಯು ಪುಸ್ತಕದಲ್ಲಿ ಇರಲಿಲ್ಲ.

2016ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯು ಆಕೆಯನ್ನು ಸ್ತ್ರೀಯರ, ಬಾಲಿಕೆಯರ ಸಬಲೀಕರಣದ ಗೌರವ ರಾಯಭಾರಿಯನ್ನಾಗಿ ಸಾರಿತು. ಅಲ್ಲಿಯ ನೌಕರರೇ ಪ್ರತಿಭಟಿಸಿದರು. ತೊಡೆ ತೋರುವ, ಒಂದು ದೇಶದ ಧ್ವಜವನ್ನು ಹೊದ್ದ ಈ ರೂಪ ಲೋಕದ ಎಲ್ಲ ಹೆಣ್ಣುಮಕ್ಕಳಿಗೆ ಆದರ್ಶವಾದೀತೆ ಎಂಬುದು ಅವರ ಪ್ರಶ್ನೆ. ಮನವಿಗೆ ಸುಮಾರು 45,000 ಸಹಿ ಬಿದ್ದವು. ಎರಡು ತಿಂಗಳು ತುಂಬುವ ಮೊದಲೇ ಆ ಪದವಿ ಮುಗಿಯಿತು. 2017ರ ಚಲನಚಿತ್ರದಲ್ಲಾದರೋ ಉಡುಪು ಯುದ್ಧಕವಚದಂತಾಯಿತು; ನೀಲಿಯ ಮೇಲಿದ್ದ ನಕ್ಷತ್ರಗಳು ಅಳಿದು, ಪಟ್ಟಿಪಟ್ಟಿಯಾದ ಲಂಗವು ಮತ್ತೆ ಬಂದಿತು.

ಇನ್ನೊಂದು ಸಂಗತಿಯನ್ನು ಮರೆಯಬಾರದು. 1944ರಿಂದ 1947ರವರೆಗೆ ಜಾಯ್ ಹಮ್ಮೆಲ್ ಎಂಬ ತರುಣಿ ಅನೇಕ ಕಥೆಗಳನ್ನು ಬರೆದಳು. ಅವು ಅಚ್ಚಾದದ್ದು ಮಾರ್ಸ್ಟನನ ಕಾವ್ಯನಾಮದಲ್ಲಿ. ಟ್ರೀನಾ ರಾಬಿನ್ಸ್ ಎಂಬ ಚಿತ್ರಗಾರ್ತಿ ಈ ನಾಯಕಿಯ ಪುಸ್ತಕಕ್ಕೆ ಚಿತ್ರ ಬರೆದ ಮೊದಲ ಹೆಣ್ಣೆನಿಸಿದ್ದು 1986ರಲ್ಲಿ, ನಾಯಕಿ ಹುಟ್ಟಿ 45 ವರ್ಷಗಳಾದ ಮೇಲೆ!

ವಿದ್ಯಾರ್ಥಿನಿಗೆ ನಾನು ಇಷ್ಟು ಹೇಳಿದೆ: “ತಾಯಿ, ಇವಳ ಬಟ್ಟೆಯನ್ನು ಬಹುಕಾಲ ಇವಳು ಆರಿಸಲಿಲ್ಲ, ಇವಳಂಥವರೂ ಆರಿಸಲಿಲ್ಲ. ಅದಕ್ಕೇ ನಿನಗೆ ಸಂಶಯ ಬಂದದ್ದು.” ಅವಳು ಚಿತ್ರದ ಕಡಗಗಳನ್ನು ತೋರಿಸಿ, ಇವೇಕೆ ಎಂದಳು. ಹರ್ಕ್ಯುಲಿಸನು ಅಮೆಜಾನರನ್ನು ಸೆರೆಯಲ್ಲಿಟ್ಟಿದ್ದನಂತೆ. ಬಿಡುಗಡೆಯಾದ ಮೇಲೆಯೂ ಆ ಬಂಧನವನ್ನು ಮರೆಯದಿರಲೆಂದು ದೇವಿಯ ಅಪ್ಪಣೆಯಂತೆ ಅವರು ಕಡಗ ತೊಟ್ಟರೆಂಬುದು ಮೂಲಕಥೆ. ಆ ಕಡಗದಿಂದಲೇ ಆಕೆ ಗುಂಡುಗಳನ್ನು ತಡೆಯುವುದು.

ಹುಡುಗಿ ಪುಸ್ತಕ ಮಡಿಸುತ್ತ, “ಹಾಗಾದರೆ ಅದೊಂದು ಇರಲಿ ಸಾರ್, ಮಿಕ್ಕಿದ್ದನ್ನು ನಾನೇ ಬರೀತೀನಿ” ಎಂದಳು. ಅವಳು ಬರೆಯುವ ಚಿತ್ರಕ್ಕಾಗಿ ಕಾದಿದ್ದೇನೆ.