ತೋಟದ ಹಾದಿಯಲ್ಲಿ ಬಂದ ಇಂಗ್ಲಿಷು

ಮೂಡಿಗೆರೆ ಅಥವಾ ಕಳಸದ ಕಡೆಯ ಕಾಫಿತೋಟವೊಂದರಲ್ಲಿ ಬೆಳಗಿನ ಹೊತ್ತು ನಿಂತು ಆಲಿಸಿರಿ. 'ಮಸ್ಟರ್ ಆಯಿತೇ?', 'ಲೈನಿನವರು ಬಂದರೇ?', 'ಪಲ್ಪರ್ ಸರಿಹೋಯಿತೇ?' ಎಂಬ ಮಾತುಗಳು ಕಿವಿಗೆ ಬೀಳುತ್ತವೆ. ಹೀಗೆ ಮಾತನಾಡುತ್ತಿದ್ದ ನಮ್ಮ ಹಿರಿಯರಲ್ಲಿ ಅನೇಕರು ಇಂಗ್ಲಿಷಿನ ಒಂದಕ್ಷರವನ್ನೂ ಕಲಿತವರಲ್ಲ. ಶಾಲೆಯಿಲ್ಲದೆ, ಪುಸ್ತಕವಿಲ್ಲದೆ ಈ ಪದಗಳು ಅವರ ನಾಲಿಗೆಗೆ ಬಂದುದು ಹೇಗೆ?

ಬಾಬಾಬುಡನ್ ಗಿರಿಗೆ ಕಾಫಿ ಬಂದುದು 17ನೆಯ ಶತಮಾನದಲ್ಲಿ ಎಂಬುದು ಪ್ರತೀತಿ. ಆದರೆ 19ನೆಯ ಶತಮಾನದ ಪೂರ್ವಾರ್ಧದಲ್ಲಿ ಥಾಮಸ್ ಕ್ಯಾನನ್‌ರಂತಹ ಯೂರೋಪಿಯನ್ನರು ಈ ಬೆಟ್ಟಗಳಲ್ಲಿ ತೋಟ ಮಾಡಿದ ಮೇಲೆಯೇ ಕಾಫಿಯೊಡನೆ ಇಂಗ್ಲಿಷೂ ಇಲ್ಲಿ ಬೇರೂರಿತು. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಅತ್ಯಂತ ಕೆಳಗಿನ ದರ್ಜೆಯ ನೌಕರನಿಗೆ 'ರೈಟರ್' ಎಂದು ಹೆಸರು. ಅದೇ ಹೆಸರು ತೋಟದ ಲೆಕ್ಕ ಬರೆಯುವವನಿಗೂ ಅಂಟಿತು. ತಣ್ಣನೆಯ ದೇಶದ 'ಚೆರಿ' ಹಣ್ಣನ್ನು ಎಂದೂ ಕಾಣದ ನಮ್ಮವರು ಕಣದಲ್ಲಿ ಒಣಗಿದ ಇಡೀ ಕಾಫಿ ಹಣ್ಣನ್ನು ಚೆರಿ ಎಂದರು. ಪ್ರಾಣಿಯ ಚರ್ಮದಿಂದ ಮಾಡಿದ ಬರವಣಿಗೆಯ ಹಾಳೆಯ ಹೆಸರು 'ಪಾರ್ಚ್‌ಮೆಂಟ್', ಹೊಟ್ಟಿನೊಳಗಿನ ಬೀಜಕ್ಕೆ ಹೆಸರಾಯಿತು.

ಎಲ್ಲವೂ ಇಂಗ್ಲಿಷಿನದೆಂದು ಭಾವಿಸಬೇಡಿ. 'ಮೇಸ್ತ್ರಿ' ಪೋರ್ಚುಗೀಸರ ಪದ. ದೊರೆಯ 'ಬಂಗಲೆ' ನಮ್ಮ ದೇಶದ್ದೇ ಆದ 'ಬಂಗ್ಲಾ'. ಆದರೆ ಒಂದು ಪದದ ಪಯಣ ಮನಸ್ಸನ್ನು ನೋಯಿಸುತ್ತದೆ. ನಮ್ಮಲ್ಲಿ 'ಕೂಲಿ' ಎಂದರೆ ದುಡಿಮೆಗೆ ಸಲ್ಲಬೇಕಾದ ಪ್ರತಿಫಲ. ಇಂಗ್ಲಿಷಿನಲ್ಲಿ ಅದು ದುಡಿಯುವ ಮನುಷ್ಯನ ಹೆಸರೇ ಆಯಿತು. ಆ ಇಂಗ್ಲಿಷ್ ಪದದ ಮೂಲವನ್ನು ಕೆಲವರು ಗುಜರಾತಿನ ಕೋಲಿ ಜನಾಂಗದ ಹೆಸರಿನಲ್ಲಿ ಕಾಣುತ್ತಾರೆ. ಹೇಗೇ ಇರಲಿ, ಸಂಬಳ ಮತ್ತು ಸಂಬಳದವನು ಒಂದೇ ಪದದಲ್ಲಿ ಬೆರೆತುಹೋದರು.

ಪದ ಅರಿಯದವನಿಗೆ ನಷ್ಟವೂ ಇತ್ತು. ಘಟ್ಟದ ಕೆಳಗಿನಿಂದ ಮೇಸ್ತ್ರಿಯು ಜನರನ್ನು ಕರೆತರುತ್ತಿದ್ದುದು 'ಅಡ್ವಾನ್ಸ್' ಕೊಟ್ಟು. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ದಂಡಿಸಬಹುದೆಂದು 1859ರಲ್ಲಿ ಬ್ರಿಟಿಷ್ ಭಾರತದಲ್ಲಿ ಕಾನೂನೊಂದು ಬಂದಿತು. ಅದು ರದ್ದಾದುದು 1920ರ ದಶಕದಲ್ಲಿ. ಮಸ್ಟರಿನಲ್ಲಿ ಹೆಸರು ಬಿದ್ದಿದೆಯೇ, ಅರ್ಧ ದಿನವೋ ಪೂರ್ತಿ ದಿನವೋ ಎಂಬುದನ್ನು ಓದಲಾರದವನು ಹೆಬ್ಬೆಟ್ಟು ಒತ್ತಿ ಸುಮ್ಮನಾಗಬೇಕಿತ್ತು. ಎರಡು ಸಾಲು ಓದಬಲ್ಲ ಮಗನೊಬ್ಬ ಮನೆಯಲ್ಲಿದ್ದರೆ ಆ ಮೌನ ಮುರಿಯುತ್ತಿತ್ತು. ಸ್ವತಂತ್ರ ಭಾರತದ 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯು ಮನೆ, ವೈದ್ಯಕೀಯ ನೆರವುಗಳೊಡನೆ ತೋಟದ ಮಕ್ಕಳ ಶಿಕ್ಷಣದ ಮಾತನ್ನೂ ಆಡಿದುದು ಈ ಕಾರಣದಿಂದಲೇ ಮಹತ್ವದ್ದು. 1963ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರ ಸ್ಥಾಪನೆಯಾದಾಗ ಈ ತೋಟಗಳ ನಡುವೆಯೇ ಅದರ ಎಷ್ಟೋ ಕುಟುಂಬಗಳು ಬಾಳುತ್ತಿದ್ದವು.

ಇದೇ ಕಾಲದ ಇನ್ನೊಂದು ಚಿತ್ರವನ್ನು ನೆನೆಯಿರಿ. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಕನ್ನಡ ನಾಡಿಗೆ ಬಂದರು. ನಮ್ಮ ಜನರ ಬಾಯಿಂದಲೂ ಹಳೆಯ ಕಾವ್ಯಗಳಿಂದಲೂ ಪದಗಳನ್ನು ಆಯ್ದು, 1894ರಲ್ಲಿ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ಮಂಗಳೂರಿನಲ್ಲಿ ಪ್ರಕಟಿಸಿದರು. ಅಪ್ಪಣೆ ಕೊಡಲು ಬೇಕಾದಷ್ಟೇ ಪದ ಕಲಿಯುವುದು ಒಂದು ರೀತಿ. ಎದುರಿನವನನ್ನು ಅರಿಯಲೆಂದು ಕಲಿಯುವುದು ಇನ್ನೊಂದು.

ಪೆಂತೆಕೋಸ್ತ್ ಹಬ್ಬದಂದು ಪ್ರೇಷಿತರ ಮಾತನ್ನು ಜನರು ಕೇಳಿದುದು ತಂತಮ್ಮ ತಾಯ್ನುಡಿಯಲ್ಲಿ. ಅಂದು ಬದಲಾದುದು ಕೇಳುವವರ ನಾಲಿಗೆಯಲ್ಲ, ಹೇಳುವವರದು. ಇಂದು ನಮ್ಮ ತೋಟಗಳಿಗೆ ಅಸ್ಸಾಮಿನಂತಹ ದೂರದ ನಾಡುಗಳಿಂದಲೂ ಕಾರ್ಮಿಕರು ಬರುತ್ತಿದ್ದಾರೆ. ನಿಮ್ಮ ಮಕ್ಕಳು ಇಂಗ್ಲಿಷನ್ನು ಚೆನ್ನಾಗಿ ಕಲಿಯಲಿ. ಅದು ಅವರ ಹಕ್ಕು. ಜೊತೆಗೆ, ಲೈನಿಗೆ ಹೊಸದಾಗಿ ಬಂದ ತಾಯಿಯ ಮಾತಿನಲ್ಲಿ 'ಊಟವಾಯಿತೇ?' ಎಂದು ಕೇಳುವುದನ್ನೂ ಕಲಿಯಲಿ. ಅವಳ ಹೆಸರನ್ನು ಕೇಳಿ ತಿಳಿದು, ಆ ಹೆಸರಿನಿಂದಲೇ ಕರೆಯಲಿ.